ಸಿಂಪಿ ತೀರದ ಸಹಿಗಳು

ತ್ಯೆನ್‌ಫು ಕಂಪ್ಯೂಟರಿನ ಮೇಲಿದ್ದ ಹಸಿರು ಪೊಟ್ಟಣದ ಕುರುಕಲು ತಿಂಡಿಯನ್ನು ತಿಂದು ಮುಗಿಸಿದ ಮಧ್ಯಾಹ್ನವೇ ಸಹಿ ಸಂಗ್ರಹದ ಜಾಲತಾಣ ಕೈಕೊಟ್ಟಿತು. ಯಂತ್ರ ತಂಟೆ ಮಾಡದಿರಲಿ ಎಂದು ಅಂಥದೊಂದು ಪೊಟ್ಟಣವನ್ನು ಅದರ ನೆತ್ತಿಯ ಮೇಲಿಡುವುದು ತೈವಾನಿನಲ್ಲಿ ಎಲ್ಲರೂ ಮಾಡುವ ಕೆಲಸ. ಹಸಿರೇ ಆಗಬೇಕು, ಬಿಚ್ಚಬಾರದು. ಬಿಚ್ಚಿ ತಿನ್ನುವ ಧೈರ್ಯ ಬೀಶಿಯಾಳ ಗಂಡ ತ್ಯೆನ್‌ಫು ಒಬ್ಬನಿಗೇ ಇದ್ದದ್ದು.

“ನಿಮ್ಗೆ ತಿನ್ನೋಕೆ ಬೇರೇನೂ ಸಿಗ್ಲಿಲ್ವೇನ್ರೀ?” ಸಿಂಪಿ ಬಿಡಿಸುವ ಚೂರಿ ಹಿಡಿದುಕೊಂಡೇ ಬೀಶಿಯಾ ಒಳಗೆ ಬಂದಳು.

“ಹಸಿವಾಗಿತ್ತು ಕಣೇ. ಪೂಜೆಗಿಟ್ಟಿದ್ದು ಅಂತ ಅದ್ರ ಮೇಲೆ ಬರ್ದಿತ್ತಾ?”

ಅವಳ ಸಂಕಟ ಸಣ್ಣದಲ್ಲ. ಊರ ಮುಂದಿನ ಕೆಸರು ತೀರಕ್ಕೆ ಮಣ್ಣು ಸುರಿದು ಗೋದಾಮು ಕಟ್ಟಲು ಕಂಪನಿಯೊಂದು ಹೊರಟಿತ್ತು. ಅದರ ವಿರುದ್ಧ ಅಂದು ಸಂಜೆ ಐದರೊಳಗೆ ತಾಣದಲ್ಲಿ ಐದು ಸಾವಿರ ಸಹಿ ಬಿದ್ದರೆ ಸರ್ಕಾರ ಊರವರ ಅಹವಾಲು ಕೇಳಲೇಬೇಕು. ಇಲ್ಲವಾದರೆ ಮರುದಿನವೇ ಲಾರಿಗಳು ಬರುತ್ತವೆ, ಅವಳ ಅತ್ತೆಯ ಕಾಲದಿಂದ ಸಿಂಪಿ ಬೆಳೆದ ನೆಲ ಮುಚ್ಚಿಹೋಗುತ್ತದೆ.

ಸಹಿ ಸಂಗ್ರಹಿಸುವ ತಂತ್ರಾಂಶ ಬರೆದವಳು ಊರ ಶಾಲೆಯ ಕಂಪ್ಯೂಟರ್ ಟೀಚರ್ ರೂಯಿನ್. ಯಾರು ಬೇಕಾದರೂ ಬಳಸಿ, ತಿದ್ದಿ ಎಂದು ಲೋಕಕ್ಕೆಲ್ಲ ತೆರೆದಿಟ್ಟಿದ್ದಳು. ಒಂದೇ ಷರತ್ತು: ತಿದ್ದಿದವರು ತಮ್ಮ ತಿದ್ದುಪಡಿಯನ್ನೂ ಹಾಗೆಯೇ ತೆರೆದಿಡಬೇಕು. ಕಂಪನಿ ಅದನ್ನೇ ಎತ್ತಿಕೊಂಡು ‘ಗೋದಾಮು ಬೇಕು’ ಎಂಬ ಎದುರು ಅಭಿಯಾನ ಶುರುಮಾಡಿತು. ಕಳ್ಳನನ್ನು ಕರೆದು ಚಹಾ ಕೊಟ್ಟಳು ಎಂದು ಬೀಶಿಯಾ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಳು. ಆಮೇಲೆ ಟೀಚರ್ ಜೊತೆ ಸರಿಯಾಗಿ ಮಾತೇ ಆಡಿರಲಿಲ್ಲ.

ಸುದ್ದಿ ತಿಳಿದು ಓಡಿ ಬಂದ ರೂಯಿನ್ ಪರದೆ ನೋಡಿದಳು. “ಪೊಟ್ಟಣದ ತಪ್ಪಲ್ಲ ಚಿಕ್ಕಮ್ಮ. ಜನ ಒಟ್ಟಿಗೇ ನುಗ್ಗಿದಾರೆ, ನಮ್ ಬಾಗ್ಲು ಚಿಕ್ಕದಾಯ್ತು.”

“ದೊಡ್ಡದು ಮಾಡು ಮತ್ತೆ.”

“ಅದಕ್ಕೆ ಎರಡು ದಿನ ಬೇಕು.”

ಬೀಶಿಯಾ ಚೂರಿಯನ್ನು ಮೇಜಿನ ಮೇಲೆ ಕುಕ್ಕಿದಳು. ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. “ಕಂಪನಿಯವ್ರದ್ದು ನೋಡು, ಎಷ್ಟು ಜನ ಬಂದ್ರೂ ಜಂ ಅಂತ ಓಡ್ತಿದೆ. ಅದೂ ನಿನ್ನ ಕೂಸೇ ಅಲ್ವಾ?”

ರೂಯಿನ್ ತಲೆಯೆತ್ತಿದಳು. “ಹೌದಲ್ವಾ, ಅವ್ರದ್ದು ಯಾಕೆ ನಿಂತಿಲ್ಲ?” ಎಂದು ಕಂಪನಿ ತೆರೆದಿಟ್ಟಿದ್ದ ತಿದ್ದುಪಡಿಗಳನ್ನು ಹುಡುಕಿದಳು. ಹುಡುಕುತ್ತ ನಗತೊಡಗಿದಳು. “ಅವ್ರಿಗೂ ಹೀಗೇ ಆಗಿತ್ತು ಚಿಕ್ಕಮ್ಮ. ಸಂಬಳದ ಎಂಜಿನಿಯರ್‌ಗಳನ್ನ ಕೂರ್ಸಿ ಬಾಗ್ಲು ಅಗಲ ಮಾಡ್ಸಿದಾರೆ. ಷರತ್ತಿನ ಪ್ರಕಾರ ಎಲ್ಲಾ ಇಲ್ಲೇ ಇಟ್ಟಿದಾರೆ.”

“ತಗೊಂಡ್ರೆ ಕಳ್ಳತನ ಆಗಲ್ವಾ?”

“ನಮ್ದನ್ನ ಅವ್ರು ತಗೊಂಡ್ರು, ಅವ್ರದ್ದನ್ನ ನಾವು ತಗೋತೀವಿ. ಅದಕ್ಕೇ ಅಲ್ವಾ ಷರತ್ತು ಹಾಕಿದ್ದು?”

ಕಂಪನಿಯ ರಿಪೇರಿಯನ್ನು ಕೂರಿಸಿದ್ದೇ ತಾಣ ಎದ್ದು ನಿಂತಿತು. ಐದು ಹೊಡೆಯುವ ಮೊದಲೇ ಸಹಿಗಳು ಐದು ಸಾವಿರದ ಗೆರೆ ದಾಟಿದವು. ಬೀಶಿಯಾ ರೂಯಿನ್‌ಳ ಕೈ ಹಿಡಿದುಕೊಂಡಳು. “ಸುಮ್ಸುಮ್ನೆ ಮುನಿಸ್ಕೊಂಡಿದ್ದೆ ಕಣಮ್ಮ ನಿನ್ಮೇಲೆ. ಬೇಜಾರು ಮಾಡ್ಕೋಬೇಡ.”

“ಅದು ಬಿಡಿ. ಇನ್ನೊಂದು ಕೆಲಸ ಇದೆ. ನೆರವಾದವ್ರ ಹೆಸರನ್ನ ತಾಣದ ಕೆಳಗೆ ಹಾಕಿ ಧನ್ಯವಾದ ಹೇಳ್ಬೇಕು, ಅದು ನಮ್ ಪದ್ಧತಿ. ಕಂಪನಿಗೂ ಹೇಳ್ಬೇಕಾಗುತ್ತೆ.”

ತ್ಯೆನ್‌ಫು ನಗು ತಡೆಯಲಾರದೆ ಹೊರಗೆ ಹೋದ. ಬೀಶಿಯಾ ಕೈ ತೊಳೆದು ಬಂದು ಕೀಲಿಮಣೆ ಎಳೆದುಕೊಂಡಳು. ಒಂದೇ ಬೆರಳಲ್ಲಿ ಕುಟ್ಟಿದಳು: ‘ನಮ್ಮ ತೀರ ಉಳಿಸಲು ನೆರವಾದ ಕಂಪನಿಗೆ ಸಿಂಪಿ ಬೆಳೆಗಾರರ ಹೃತ್ಪೂರ್ವಕ ಕೃತಜ್ಞತೆಗಳು.’

ಎರಡು ಸಲ ಓದಿಕೊಂಡಳು. ಸಾಕೆನಿಸಲಿಲ್ಲ.

“ಇದನ್ನ ಕೆಳಗ್ಯಾಕೆ ಹಾಕ್ತೀಯ?” ಎಂದಳು. “ಮೇಲೇ ಹಾಕು. ಅಕ್ಷರಾನೂ ದಪ್ಪ ಮಾಡು.”