ಗಂಜಿ ಬಿಟ್ಟ ಕಂಬಳಿ

ರೀಲಿನ ಪಕ್ಕದ ತಟ್ಟೆಯ ಕೊನೆಯ ತಿರುಪು ಬಿಚ್ಚಿದಾಗ ಉಪ್ಪಿನ ಜೊತೆಗೆ ಇನ್ನೊಂದು ವಾಸನೆಯೂ ಹೊರಬಂತು. ಬೀರೇಶ ತಟ್ಟೆಯನ್ನು ಮೂಗಿನ ಹತ್ತಿರ ಹಿಡಿದು ನೋಡಿದ. ಕೆಳಗಿಟ್ಟ.

ಎದುರಿನ ಸ್ಟೂಲಿನ ಮೇಲೆ ನಸ್ರೀನ್ ಕೂತಿದ್ದಳು. ಅಳ್ನಾವರದ ಇದೇ ಓಣಿಯಲ್ಲಿ ಬೆಳೆದು ವಾಸ್ಕೋಗೆ ಮದುವೆಯಾಗಿ ಹೋದವಳು. ಅವಳ ಗಂಡ ಸಣ್ಣ ದೋಣಿಯಲ್ಲಿ ಸಮುದ್ರಕ್ಕೆ ಹೋಗಿ ದೊಡ್ಡ ಮೀನಿಗೆ ಗಾಳ ಹಾಕುವವನು. ಗಾಳದ ದಾರ ಸುತ್ತುವ ಈ ರೀಲು ಅವನ ತಂದೆಯ ಕಾಲದ್ದು. ಬೀರೇಶನದು ಹೊಲಿಗೆ ಯಂತ್ರ, ಔಷಧಿ ಹೊಡೆಯುವ ಪಂಪುಗಳ ರಿಪೇರಿ. ಸಮುದ್ರ ಕಂಡವನಲ್ಲ. ಆದರೂ ಮಳೆಗಾಲಕ್ಕೆ ಮುಂಚೆ ಅವಳು ರೀಲನ್ನು ತವರಿಗೆ ತಂದಾಗ, ಸವೆದ ಹಿತ್ತಾಳೆಯ ಹಲ್ಲುಚಕ್ರ ತೆಗೆದು ಸ್ಟೀಲಿನದನ್ನು ಕೂರಿಸಿದ್ದ, ಹಿಡಿಕೆಯನ್ನು ಉದ್ದ ಮಾಡಿದ್ದ. ಒಳಗಿನ ತೊಗಲಿನ ವಾಷರುಗಳು ಪುಡಿಯಾಗಿದ್ದವು. ಮೀನು ಜಗ್ಗಿದಾಗ ದಾರವನ್ನು ತುಸುತುಸುವೇ ಬಿಟ್ಟುಕೊಡುವ ಬ್ರೇಕೆಂದರೆ ಅವೇ. ಈಗಿನ ಕಾರ್ಬನ್ ವಾಷರು ಆ ಹಳೆಯ ಅಳತೆಗೆ ಸಿಕ್ಕಿರಲಿಲ್ಲ. ಮಳೆಗೆ ಹೆದರದ್ದು ಕಂಬಳಿಯೇ ಅಲ್ಲವೇ ಎಂದುಕೊಂಡು, ತಮ್ಮ ಮನೆಯ ಮಗ್ಗದಿಂದ ಆಗಷ್ಟೇ ಇಳಿದಿದ್ದ ಹೊಸ ಕಂಬಳಿಯ ಅಂಚಿನಿಂದ ಮೂರು ಬಿಲ್ಲೆ ಕತ್ತರಿಸಿ ಹಾಕಿದ್ದ.

"ಮೊದಲ ಮೊದಲ ಚಲೋನ ನಡೀತಣ್ಣಾ," ನಸ್ರೀನ್ ಹೇಳಿದಳು. "ಆಮ್ಯಾಲೆ ಒಂದ ದೊಡ್ಡ ಮೀನ ಬಿತ್ತು. ರೀಲು ದಾರಾನ ಬಿಡವಲ್ದು. ಅಗದಿ ಬೆಸಿಗಿ ಹಾಕಿದಂಗ ಹಿಡಕೊಂಡ ಕುಂತತಿ. ನಮ್ಮನಿಯವರು ಕೈಲೇ ದಾರ ಎಳದು ಬಿಡಾಕ ಹೋಗ್ಯಾರ. ಎರಡ ಬೆರಳ ಎಲುವಿನ ತನಕಾ ಕೊಯ್ದಾವ."

"ಈಗ ಹ್ಯಾಂಗದಾರ?"

"ಹೊಲಿಗಿ ಹಾಕ್ಯಾರ. ಬೆರಳ ಮಡಚಾಕ ಬರತಾವ, ಅಲ್ಲಾ ದೊಡ್ಡಾಂವ. ಆದ್ರ ನಮ್ಮತ್ತಿ ಬಾಯಿಗೆ ಹೊಲಿಗಿ ಹಾಕಾವ್ರ ಯಾರು? ನಿಮ್ಮೂರ ಮಿಸ್ತ್ರಿ ಜಂಪರ್ ಹೊಲಿಯೂ ಮಷೀನ್ ರಿಪೇರಿ ಮಾಡಾಂವ, ಅವಂಗ ಸಮುದ್ರ ಏನ ಗೊತ್ತ ಅಂತಾರ." ನಕ್ಕಳು, ನಗು ಅರ್ಧಕ್ಕೇ ನಿಂತಿತು. "ಹೊಲಿಗಿ ಬಿಚ್ಚಿದ ಕೂಡ್ಲೆ ನಮ್ಮನಿಯವರು ಮತ್ತ ಇದನ್ನ ತಗೊಂಡ ಸಮುದ್ರಕ್ಕ ಹೊಕ್ಕಾರಂತ. ಖರೇ ಹೇಳಣ್ಣಾ, ತುಕ್ಕ ಹಿಡದಿತ್ತೇನು?"

ತಟ್ಟೆಯ ಅಂಚಿನಲ್ಲಿ ಸ್ವಲ್ಪ ತುಕ್ಕು ಇತ್ತು. ಬೀರೇಶ ಅದನ್ನು ಉಗುರಿನಿಂದ ಕೆರೆದು ನೋಡಿದ. ಹೌದೆಂದಿದ್ದರೆ ಅವಳು ನಂಬುತ್ತಿದ್ದಳು.

ಕಟ್ಟೆಯ ಮೇಲೆ ಉಣ್ಣೆ ನೂಲುತ್ತಿದ್ದ ಅವನ ತಾಯಿ ಫಕೀರವ್ವ ತಲೆ ಎತ್ತಿದಳು. "ಲೇ ಬೀರ್ಯಾ, ಯಾರ ಮನ್ಯಾಗ ಗಂಜಿ ಕಾಸಾಕತ್ತಾರ?"

ಮುದುಕಿ ಮೊಣಕಾಲಿಗೆ ಕೈಯೂರಿ ಎದ್ದು ಬಂದಳು. ಕಂದುಬಣ್ಣಕ್ಕೆ ತಿರುಗಿದ ಒಂದು ಬಿಲ್ಲೆಯನ್ನು ಎತ್ತಿ ಬೆರಳುಗಳ ನಡುವೆ ತಿಕ್ಕಿದಳು. ಬೆರಳು ಅಂಟಿಕೊಂಡವು.

"ಇದು ನನ್ನ ಗಂಜಿ ಅಲ್ಲೇನಲೇ? ಹೊಸಾ ಕಂಬಳಿ ಹಾಕೀಯೇನು?"

"ಹೂಂ ಬೇ."

"ನೂಲು ಬಿಗಿಯಾಗ್ಲಿ ಅಂತ ಹಚ್ಚಿದ ಹುಣಸಿಬೀಜದ ಗಂಜಿ ಕುಡದ ಕುಂತ ಕಂಬಳಿ ಅದು. ನಾಕ ಮಳಿಗಾಲ ಹೊತ್ತ ಮ್ಯಾಲೆ ಗಂಜಿ ಬಿಡತೈತಿ. ಕುರುಬರ ಮನ್ಯಾಗ ಹುಟ್ಟಿ ಇಷ್ಟ ತಿಳೀಲಿಲ್ಲಂದ್ರ ಹ್ಯಾಂಗಲೇ?"

ಬೀರೇಶ ನಸ್ರೀನ್ ಕಡೆ ತಿರುಗಿದ. "ತುಕ್ಕ ಅಲ್ಲ ತಂಗಿ. ಉಪ್ಪನೀರಾಗ ನೆನದು ಗಂಜಿ ಅಂಟಾಗೇತಿ. ತಪ್ಪ ನಂದು."

ಅವಳು ಚೀಲದ ಹಿಡಿಕೆಯನ್ನು ಬೆರಳಿಗೆ ಸುತ್ತುತ್ತಾ ಕೂತಳು. "ಇದನ್ನ ಅಲ್ಲಿ ಹೇಳಿದ್ರ ರೀಲು ಮತ್ತ ಈ ಊರಿಗೆ ಬರೂದಿಲ್ಲ ನೋಡಣ್ಣಾ. ಇದರ ನೆವದಾಗ ನಾ ಬರತೀನಿ."

ಫಕೀರವ್ವ ಒಳಗೆ ಹೋದಳು. ಬರುವಾಗ ಅವಳ ಎದೆಗೆ ಮಡಚಿದ ಹಳೆಯ ಕಂಬಳಿಯಿತ್ತು. ಅವಳ ಗಂಡನದು. ಅವನು ಹೋದ ಮೇಲೆ ದೇವರ ಜಗಲಿಯ ಮೇಲೆ, ಮನೆದೇವರು ಬೀರಪ್ಪನ ಅರಿಷಿಣದ ಭಂಡಾರದ ಕೆಳಗೆ ಹಾಸಿದ್ದು. ಮಡಿಕೆಗಳಲ್ಲಿ ಅರಿಷಿಣ ಕೂತಿತ್ತು.

"ಬ್ಯಾಡ ಬೇ. ದೇವರ ಗದ್ದಗಿ ಅದು."

"ಗದ್ದಗಿ ಆಗೂಕಿಂತ ಮೊದಲ ನಿಮ್ಮಪ್ಪನ ಹೆಗಲ ಮ್ಯಾಲಿತ್ತು." ಅವಳು ಕಂಬಳಿ ಬಿಡಿಸಿ ಒಂದು ಮೂಲೆಯನ್ನು ಮುಂದೆ ಹಿಡಿದಳು. ಅಲ್ಲಿ ಒಂದು ಗೇಣಿನಷ್ಟು ಕಂಬಳಿಯೇ ಇರಲಿಲ್ಲ. "ದೇವಿಕೊಪ್ಪದ ಅಡವ್ಯಾಗ ಜಡಿಮಳಿ ಹಿಡದಾಗ ಕುರಿ ಈದತ್ತು. ಇದನ್ನ ಹರದು ಮರಿಗೆ ಸುತ್ತಿದ್ದ. ಬೀರಪ್ಪ ಏನೂ ಬ್ಯಾಡನ್ನಲಿಲ್ಲ."

ಬೀರೇಶ ಬಟ್ಟಲಲ್ಲಿ ಉಪ್ಪು ಕದಡಿ ಕಂಬಳಿಯ ಅಂಚನ್ನು ಅದ್ದಿದ. ಹಿಂಡಿದ, ತಿಕ್ಕಿದ. ನೀರು ತಿಳಿಯಾಗಿಯೇ ಇತ್ತು. ಬೆರಳು ಅಂಟಲಿಲ್ಲ. ಕಂಬಳಿಯನ್ನು ಕಣ್ಣಿಗೊತ್ತಿಕೊಂಡು, ಅಂಚಿನಲ್ಲಿ ಮೂರು ದುಂಡು ಬಿಲ್ಲೆ ಕತ್ತರಿಸಿಕೊಂಡ.

ತಟ್ಟೆಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಬಿಲ್ಲೆಗಳಿಗೆ ಗ್ರೀಸು ತಿಕ್ಕಿ, ಒಂದರ ಮೇಲೊಂದು ಕೂರಿಸಿದ. ಕೂಡಿಸಿದ ರೀಲನ್ನು ಉಪ್ಪುನೀರಿನ ಬಕೆಟ್ಟಿನಲ್ಲಿ ಮುಳುಗಿಸಿಟ್ಟ. ಮೂವರೂ ರೊಟ್ಟಿ ಉಂಡರು. ಬಿಸಿಲು ಬಾವಿಕಟ್ಟೆಯಿಂದ ಇಳಿಯುವವರೆಗೂ ಅದು ಮುಳುಗಿಯೇ ಇತ್ತು.

ಆಮೇಲೆ ರೀಲನ್ನು ಬಾವಿಯ ಕಂಬಕ್ಕೆ ಬಿಗಿದು, ದಾರದ ತುದಿಗೆ ತುಂಬಿದ ಕೊಡ ಕಟ್ಟಿ ಬಾವಿಯ ಬಾಯಿಗೆ ಇಳಿಬಿಟ್ಟ. ಕೊಡ ನಿಂತಲ್ಲೇ ತೂಗಿತು. ಬೀರೇಶ ಎಡಗೈಯ ಎರಡು ಬೆರಳನ್ನು ದಾರದ ಮೇಲಿಟ್ಟು, ಬಲಗೈಯಿಂದ ಬ್ರೇಕಿನ ತಿರುಪನ್ನು ಮೆಲ್ಲಗೆ ಸಡಿಲಿಸತೊಡಗಿದ.

"ಬೆರಳ ತಗಿಯಣ್ಣಾ," ನಸ್ರೀನ್ ಎಂದಳು.

ಅವನು ತೆಗೆಯಲಿಲ್ಲ. ಕೊಡ ಒಮ್ಮೆ ನಡುಗಿ, ಇಳಿಯಲು ಶುರುಮಾಡಿತು. ಎಲ್ಲಿಯೂ ಜಗ್ಗಲಿಲ್ಲ, ತಡೆಯಲಿಲ್ಲ. ಬೆರಳಿನ ಕೆಳಗೆ ದಾರ ಒಂದೇ ಸಮನೆ ಹರಿಯಿತು. ಆಳದಲ್ಲಿ ನೀರು ಮುಟ್ಟಿದ ಸಪ್ಪಳ ಬಂದ ಮೇಲೆ ನಸ್ರೀನ್ ಅವನ ಕೈ ಹಿಡಿದು ತಿರುಗಿಸಿ ನೋಡಿದಳು.

ಹೊರಡುವಾಗ ರೀಲನ್ನು ಟವೆಲ್ಲಿನಲ್ಲಿ ಸುತ್ತಿಕೊಂಡಳು. "ಆ ಅಂಟಿದ ವಾಷರೂ ಕೊಡಣ್ಣಾ. ನಮ್ಮನಿಯವರಿಗೆ ತೋರಸ್ತೀನಿ."

"ನಿಮ್ಮತ್ತೀಗೆ?"

"ಅವರಿಗೂ ತೋರಸೂದ. ಬೈಲಿ ಬಿಡು, ಬೈಸಿಕೊಂಡ ಮತ್ತ ಬರತೀನಿ."

"ಬಾರವ್ವಾ," ಎಂದಳು ಫಕೀರವ್ವ. "ಬರೂ ಮುಂದ ಒಣಮೀನ ಅಷ್ಟ ತರಬ್ಯಾಡ. ನಾ ತುಳಸಿ ಮಾಲಿ ಹಾಕ್ಕೊಂಡೇನಿ, ಈಗ ಮೀನ ತಿನ್ನಂಗಿಲ್ಲ."

ವಾಸ್ಕೋ ಗಾಡಿಯ ಸೀಟಿ ಕೇಳಿಸಿದಾಗ ಮುದುಕಿ ಜಗಲಿಯ ಮುಂದಿದ್ದಳು. ಕಂಬಳಿಯನ್ನು ಮೊದಲಿನಂತೆ ಮಡಚಲಿಲ್ಲ. ಕತ್ತರಿಸಿದ ಅಂಚು ಜಗಲಿಯಿಂದ ಹೊರಗೆ ಚಾಚಿಕೊಂಡಿತ್ತು. ದೀಪ ಹಚ್ಚಿ ಒಂದು ಹಿಡಿ ಭಂಡಾರ ತೂರಿದಳು. ಅರಿಷಿಣ ಕಂಬಳಿಯ ಮೇಲೆಲ್ಲ ಹರಡಿ, ಅಂಚಿನ ತೂತುಗಳಿಂದ ಸೋರಿ, ಸಾರಿಸಿದ ನೆಲದ ಮೇಲೆ ಮೂರು ಸಣ್ಣ ದುಂಡಗಿನ ಹಳದಿ ಗುರುತುಗಳಾಗಿ ಕೂತಿತು.