ಪರದೆಯಾಚೆಯ ಸಾಕ್ಷಿ

"ಕುದುರೆ ಸ್ವಾಮಿ, ಕುದುರೆ! ಉಚ್ಚೆ ಕಟ್ಕೊಂಡು ಬಿದ್ದು ಒದ್ದಾಡ್ತಿತ್ತು. ನನ್ನ ಕಷಾಯ ಒಂದು ಲೋಟ ಕುಡಿಸಿದೆ ನೋಡಿ, ಆಮೇಲೆ ಆ ಬೀದೀಲಿ ಜನ ದೋಣಿ ಕಟ್ಕೊಂಡು ಓಡಾಡಿದ್ರು!"

ಬೆಂಚಿನ ಮೇಲಿದ್ದ ದರ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕಿದ್ದಕ್ಕೇ ಕೆಳಗೆ ಉರಿ ಕಿತ್ತುಕೊಂಡು ಬಂದು ಮುಖ ಕಿವುಚಿದ. ನಾಟಿ ವೈದ್ಯ ನೆಗ್ಗಿಲುಮುಳ್ಳು, ಕೊತ್ತಂಬರಿ ಬೀಜ, ಜೀರಿಗೆ ಕುಟ್ಟಿದ ಪುಡಿಯನ್ನು ಪೊಟ್ಟಣ ಕಟ್ಟಿ ಅವನ ಕೈಗಿಟ್ಟು, ಅಡುಗೆಮನೆಯ ಪರದೆಯತ್ತ ಕತ್ತು ಹೊರಳಿಸಿದ. ಅಂಗಡಿಯೆಂದರೆ ಮನೆಯ ಮುಂದಿನ ಕೋಣೆಯೇ. ಗಿರಾಕಿ ಅನುಮಾನಪಟ್ಟರೆ ಸಾಕ್ಷಿ ಪರದೆಯಾಚೆಯಿಂದ ಬರುತ್ತಿತ್ತು.

"ಏನೇ, ನಿಂಗೂ ಇದೇ ಉರಿ ಇತ್ತಲ್ಲ. ಹೋಯ್ತೋ ಇಲ್ವೋ, ಹೇಳು ಇವರಿಗೆ."

ವಾರದಿಂದ "ಹೂಂ, ಹೋಯ್ತು" ಎನ್ನುತ್ತಿದ್ದ ಹೆಂಡತಿಯ ದನಿ ಇವತ್ತು ಬರಲಿಲ್ಲ. ಸೌಟು ನೆಲಕ್ಕೆ ಬಿದ್ದ ಸದ್ದು ಬಂತು.

ಪರದೆ ಸರಿಸಿದರೆ ಅವಳು ಒಲೆಯ ಪಕ್ಕ ಗೋಡೆಗೊರಗಿ ಗಡಗಡ ನಡುಗುತ್ತಿದ್ದಳು. ಮೈ ಮುಟ್ಟಿದರೆ ಕಾದ ಹೆಂಚು.

"ಹೋಯ್ತು ಅಂದ್ಯಲ್ಲೇ!"

"ಮೆಲ್ಲಗೆ ರೀ... ಅವರಿಗೆ ಕೇಳ್ಸುತ್ತೆ." ಅವಳ ಹಲ್ಲು ಕಟಕಟ ಎನ್ನುತ್ತಿದ್ದವು. "ಒಂದಿನಾನೂ ಹೋಗಿಲ್ಲ. ವೈದ್ಯನ ಹೆಂಡ್ತಿಗೇ ವಾಸಿಯಾಗಿಲ್ಲ ಅಂದ್ರೆ ನಿಮ್ಮ ಹತ್ರ ಯಾರು ಬರ್ತಾರೆ? ಬೆಳಗ್ಗೆಯಿಂದ ಒಂದು ಹನೀನೂ ಇಳಿದಿಲ್ಲ. ಬೆನ್ನು ಸೀಳ್ತಿದೆ ರೀ."

ಒಲೆಯ ಮೇಲೆ ಕಷಾಯ ಕುದಿಯುತ್ತಲೇ ಇತ್ತು.

"ಎತ್ರೀ ವೈದ್ಯರೇ, ಗರಬಡಿದವರ ಹಂಗೆ ನಿಂತ್ರೇನು!" ಪರದೆಯೊಳಗೆ ಇಣುಕಿದ ದರ್ಜಿ "ಆಟೋ, ಆಟೋ" ಎಂದು ಕೂಗುತ್ತ ಬೀದಿಗೆ ಓಡಿದ.

ಆಸ್ಪತ್ರೆಯಲ್ಲಿ ನರ್ಸ್ ಹಾಕಿದ ಕೊಳವೆ ಮಂಚದ ಕೆಳಗಿನ ಚೀಲಕ್ಕೆ ಇಳಿದಿತ್ತು. ಚೀಲ ಚಪ್ಪಟೆಯಾಗಿ ನೇತಾಡುತ್ತಿತ್ತು.

"ಸೋಂಕು ಕಿಡ್ನಿಗೆ ಹೋಗಿ ರಕ್ತಕ್ಕೂ ಸೇರಿದೆ," ಎಂದರು ಡಾಕ್ಟರಮ್ಮ. "ಇಂಜೆಕ್ಷನ್ ಶುರು ಮಾಡಿದೀವಿ. ಈ ಚೀಲಕ್ಕೆ ಉಚ್ಚೆ ಇಳೀಬೇಕು. ಅಲ್ಲೀವರೆಗೂ ನಾನೇನೂ ಹೇಳಲ್ಲ."

ಬಾಗಿಲಲ್ಲಿ ದರ್ಜಿ ಇನ್ನೂ ನಿಂತಿದ್ದ, ಬೆವೆತ ಮುಷ್ಟಿಯಲ್ಲಿ ಪೊಟ್ಟಣ. "ವೈದ್ಯರೇ, ಇದನ್ನ ನಾನು... ಕುಡೀಲಾ?"

ವೈದ್ಯನ ಬಾಯಿಗೆ ಕುದುರೆಯೂ ಬರಲಿಲ್ಲ, ದೋಣಿಯೂ ಬರಲಿಲ್ಲ.

"ಕೆಳಗೆ ಚೀಟಿ ಮಾಡಿಸಿ. ತೋರಿಸ್ಕೊಂಡೇ ಹೋಗಿ."

ದನಿ ಕೇಳಿ ಹೆಂಡತಿ ಅರೆಗಣ್ಣು ಬಿಟ್ಟಳು. ಬಾಗಿಲಲ್ಲಿ ಗಿರಾಕಿ ಇರುವುದು ಕಂಡಿತು.

"ಹೂಂ... ಹೋಯ್ತು," ಎಂದಳು. "ಈಗ ಉರಿ ಇಲ್ಲ."

ಅವನು ಅವಳ ಮುಖ ನೋಡಲಿಲ್ಲ. ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತು ಕೊಳವೆಯ ತುದಿಯನ್ನೇ ನೋಡಿದ. ಅಲ್ಲೊಂದು ಹನಿ ಕೂಡಿಕೊಂಡು, ಬೀಳದೆ, ನಿಂತಿತ್ತು.