ಬಾಣಂತಿ ಕೋಣೆಯ ಹೊಗೆ ಅಳೆದ ಡಬ್ಬಿ

ಬಾಗಲಕೋಟೆ ನವನಗರದ ಶಿವಬಸವ್ವನ ಮಗಳು ನೇತ್ರಾ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಕೂಸಿಗೆ ಎಣ್ಣೆ ಹಚ್ಚಿ, ಬಿಸಿನೀರು ಎರೆದು, ಶೇಗಡಿ ಎಂಬ ಅಗ್ಗಿಷ್ಟಿಕೆಯ ಕೆಂಡಕ್ಕೆ ಲೋಬಾನ ಉದುರಿಸಿ ಹೊಗೆ ಕೊಡುವುದೆಂದರೆ ಶಿವಬಸವ್ವನಿಗೆ ಹಬ್ಬ. ಆ ವಾಸನೆ ಮೂಗಿಗೆ ಬಿದ್ದರೆ ಸಾಕು, ಅಣೆಕಟ್ಟಿನ ಹಿನ್ನೀರಿನಡಿ ಹೋದ ಹಳೇ ಬಾಗಲಕೋಟೆಯ ಮನೆ ಕಣ್ಣೆದುರು ಬರುತ್ತಿತ್ತು. ಅತ್ತೆ ಕಾಲು ಚಾಚಿ ಕೂತು ಆಗ ಕೂಸಾಗಿದ್ದ ನೇತ್ರಾಳಿಗೆ ನೀರೆರೆಯುತ್ತಿದ್ದದ್ದು, ಕೂಸಿನ ಮೂಗು ಯಾರ ಹಾಗಿದೆ ಎಂದು ಓಣಿಯ ಹೆಂಗಸರು ಜಗಳ ತೆಗೆಯುತ್ತಿದ್ದದ್ದು. ಎಂಥ ದಿನಗಳವು!

ಆದರೆ ಈ ಕೂಸು ಹೊಗೆ ಕೊಟ್ಟಾಗೆಲ್ಲ ಕೆಮ್ಮುತ್ತಿತ್ತು. ಮಲಗಿದರೆ ಎದೆ ಗುರುಗುರು ಎನ್ನುತ್ತಿತ್ತು. ಡಾಕ್ಟರು ಔಷಧಿ ಕೊಟ್ಟು, ಕೂಸನ್ನು ಹೊಗೆಯಿಂದ ದೂರ ಇಡಿ ಎಂದಿದ್ದರು. ಶಿವಬಸವ್ವ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದಳು.

ಪಕ್ಕದ ಮನೆಯ ಅಲ್ಮಾಸ ಮೊಬೈಲ್ ರಿಪೇರಿ ಅಂಗಡಿ ನಡೆಸುವವಳು. ಒಂದು ದಿನ ಕೂಸಿನ ಕೆಮ್ಮು ಕೇಳಿ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಹಿಡಿದು ಬಂದಳು.

“ಇದೇನವಾ, ಊಟದ ಡಬ್ಬಿಗೆ ಯಾಕ ತೂತು ಕೊರದಿ?” ಎಂದಳು ಶಿವಬಸವ್ವ.

“ಗಾಳ್ಯಾಗಿನ ಸಣ್ಣ ಧೂಳು ಅಳಿಯೋ ಡಬ್ಬಿರಿ ಅಮ್ಮಾರ. ಒಳಗ ಧೂಳಿನ ಸೆನ್ಸರ್ ಐತಿ, ಅದು ಹೇಳಿದ್ದನ್ನ ಓದಿ ಮ್ಯಾಲ ಅಂಕಿ ತೋರ್ಸಾಕ ಒಂದು ಸಣ್ಣ ಬೋರ್ಡ್. ಧೂಳು ಹೆಚ್ಚಾದಂಗ ಅಂಕಿ ಏರ್ತೈತಿ. ಮೊಬೈಲ್ ಚಾರ್ಜರ್ ಮ್ಯಾಲ ನಡೀತೈತಿ. ನಮ್ಮ ಮಹಿಳಾ ಸಂಘದವರ ಕೂಡಿ ಜೋಡಿಸೇವ್ರಿ.”

“ತೂತು ಒಲಿ ಕೆಡಿಸ್ತು ಅಂತಾರ. ಈ ತೂತಿನ ಡಬ್ಬಿ ಏನ್ ಉದ್ಧಾರ ಮಾಡ್ತೈತಿ? ನಮ್ಮತ್ತಿ ಇದ ಹೊಗಿ ಕೊಟ್ಟು ಮನಿತುಂಬ ಮಕ್ಕಳನ್ನ ಬೆಳಿಸ್ಯಾಳ.”

“ಜಗಳ ಬ್ಯಾಡ್ರಿ. ನೇತ್ರಾ ಕೂಸಿನ್ನ ತಗೊಂಡು ನಮ್ಮ ಮನಿಗೆ ಹೋಗ್ಲಿ. ನೀವು ದಿನಾ ಮಾಡೋ ಹಂಗ ಮಾಡ್ರಿ, ನೋಡೂಣು.”

ಶಿವಬಸವ್ವ ಬಾಗಿಲು ಮುಚ್ಚಿ ಲೋಬಾನ ಹಾಕಿದಳು. ಡಬ್ಬಿಯ ಮೇಲಿನ ಅಂಕಿ ನಲವತ್ತರ ಆಸುಪಾಸಿನಿಂದ ಏರುತ್ತ ಏರುತ್ತ ಐನೂರು ದಾಟಿತು.

“ನಿನ್ನ ಡಬ್ಬಿ ಕೆಟ್ಟೈತಿ!”

ಅಲ್ಮಾಸ ಅದನ್ನು ಅಂಗಳಕ್ಕೆ ಒಯ್ದಳು. ಅಂಕಿ ಇಳಿಯಿತು. ಒಳಗೆ ತಂದಳು, ಮತ್ತೆ ಏರಿತು.

ಶಿವಬಸವ್ವನ ದನಿ ಸಣ್ಣಗಾಯಿತು. “ಹಂಗಾರ ನಮ್ಮತ್ತಿ ತಪ್ಪು ಮಾಡಿದ್ಲೇನು?”

“ಹಳೇ ಮನ್ಯಾಗ ಹೊಗಿ ಎಲ್ಲಿ ಹೋಗ್ತಿತ್ರಿ?”

“ಮ್ಯಾಲ ಬೆಳಕಿಂಡಿ ಇತ್ತಲ್ಲ, ಅದರಾಗ...” ಎಂದವಳು ತಲೆಯೆತ್ತಿ ನೋಡಿದಳು. ಮೇಲೆ ಕಾಂಕ್ರೀಟಿನ ಸ್ಲ್ಯಾಬು. ಬಾಣಂತಿಗೆ ಗಾಳಿ ಹತ್ತಬಾರದೆಂದು ಕಿಟಕಿಗೂ ತಾನೇ ಕೌದಿ ಕಟ್ಟಿದ್ದಳು.

“ಶೇಗಡಿ ಹೊತ್ಕೊಂಡು ಬಂದ್ವಿ. ಬೆಳಕಿಂಡಿ ನೀರಾಗ ಬಿಟ್ಟು ಬಂದ್ವಿ,” ಎಂದು ಅತ್ತೇಬಿಟ್ಟಳು.

ಅಲ್ಮಾಸ ಅವಳ ಕೈ ಹಿಡಿದಳು. “ಬೆಳಕಿಂಡಿ ಇದ್ರೂ ಎಳೆಕೂಸಿಗೆ ಹೊಗಿ ಬ್ಯಾಡ್ರಿ. ಕೆಂಡದ ವಿಷಗಾಳಿ ಈ ಡಬ್ಬಿಗೂ ತಿಳಿಯಾಂಗಿಲ್ಲ. ಅಂಕಿ ಕಡಿಮಿ ಐತಂತ ಶೇಗಡಿ ಒಳಗ ಇಡಬ್ಯಾಡ್ರಿ.”

ಶಿವಬಸವ್ವ ಶೇಗಡಿಯನ್ನು ಹೊರಗಿಟ್ಟಳು, ಕೌದಿ ಬಿಚ್ಚಿದಳು. ಮರುದಿನದಿಂದ ಕೂಸಿಗೆ ನೀರೆರೆದು, ಬಿಸಿಲಿಗೆ ಹಾಕಿದ ಬೆಚ್ಚನೆಯ ಬಟ್ಟೆ ಸುತ್ತಿದಳು. ಅತ್ತೆಯಂತೆ ಕಾಲು ಚಾಚಿ ಕೂತು ಎರೆಯುವುದನ್ನು ಮಾತ್ರ ಬಿಡಲಿಲ್ಲ. ಡಾಕ್ಟರ ಔಷಧಿಯೂ ನಡೆಯಿತು, ಕೆಮ್ಮು ಇಳಿಯುತ್ತ ಬಂತು. ಈಗ ಆ ಡಬ್ಬಿ ಎಲ್ಲಿ ಕೂಸು ಹುಟ್ಟಿದರೂ ಆ ಮನೆಗೆ ಹೋಗುತ್ತದೆ, ಹೊಗೆ ಬೇಡವೆಂದು ಹೇಳಲು ಹಿಂದೆಯೇ ಶಿವಬಸವ್ವನೂ ಹೋಗುತ್ತಾಳೆ.

ತಾಯಂದಿರೇ, ನಿಮ್ಮ ಸಂಘದಲ್ಲೂ ನಾಲ್ಕು ಜನ ಕೂಡಿ ಇಂಥದೊಂದು ಡಬ್ಬಿ ಜೋಡಿಸಿ, ಮನೆಮನೆಗೆ ಸರದಿಯಲ್ಲಿ ಇಟ್ಟು ನೋಡಿ. ಅದು ಬರುವ ತನಕ ಕಾಯಬೇಡಿ, ಇವತ್ತೇ ಶೇಗಡಿ ಹೊರಗಿಟ್ಟು ಕಿಟಕಿ ತೆಗೆಯಿರಿ. ಮೊಮ್ಮಕ್ಕಳಿಗೆ ಅಜ್ಜಿಯ ಕೈ ಬೇಕು, ಹೊಗೆ ಬೇಡ.